ಕೆಂಪು ಗೆರೆ ನನ್ನದು

ಮುದ್ರಣಾಲಯದಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿದ ಮನುಷ್ಯನಿಗೆ ‘ಕರಡಿ ಮೇಷ್ಟ್ರು’ ಎಂದು ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಕೊನೆಯ ಅಕ್ಷರದ ಕೊಂಬು ಕಿತ್ತು ಗುಡಿಸು ಹಾಕಿದರೆ ಮುಗಿಯಿತು, ಕರಡು ಹೋಗಿ ಕರಡಿ. ಅಚ್ಚಿನ ಮೊಳೆ ಜೋಡಿಸುವವರು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು. ಒಂದು ದಿನ ಯಾರೋ ಬಾಯಿ ತಪ್ಪಿ ಎದುರಿಗೇ ಕರೆದುಬಿಟ್ಟರು. ಇವರು ಕನ್ನಡಕದ ಮೇಲಿನಿಂದ ನೋಡಿ, “ಮೇಷ್ಟ್ರು ಅನ್ನುವಾಗ ಒತ್ತಕ್ಷರ ನುಂಗಬೇಡಪ್ಪ” ಎಂದರಂತೆ. ಕರಡಿಯ ಬಗ್ಗೆ ತಕರಾರು ಎತ್ತಲಿಲ್ಲ. ಅಲ್ಲಿಂದಾಚೆ ಆ ಹೆಸರೇ ಕಾಯಂ ಆಯಿತು.

ನಿವೃತ್ತಿಯಾದ ಮೇಲೆ ತಿದ್ದುವುದಕ್ಕೆ ಕಾಗದ ಸಿಗದೆ ಮೇಷ್ಟ್ರು ಮನುಷ್ಯರನ್ನು ತಿದ್ದಲು ಶುರುಮಾಡಿದರು. ತರಕಾರಿ ಅಂಗಡಿಯ ಹಲಗೆಯಲ್ಲಿ ‘ಹುರಳೀಕಾಯಿ’ಯ ದೀರ್ಘ ತೆಗೆಸಿದರು. ಔಷಧದ ಅಂಗಡಿಯವನು ಅವರು ಬರುವುದು ಕಂಡರೆ ರಸೀದಿ ಪುಸ್ತಕ ಮುಚ್ಚಿಡುತ್ತಿದ್ದ. ಎಲ್ಲರಿಗಿಂತ ಹೆಚ್ಚು ಅನುಭವಿಸಿದವರು ಅವರ ಹೆಂಡತಿ. ಅವರು ಫೋನಿನಲ್ಲಿ ಮಾತಾಡುತ್ತಿದ್ದರೆ ಇವರು ಪಕ್ಕದ ಕುರ್ಚಿಯಲ್ಲಿ ಕೂತು ವಿಭಕ್ತಿ ಸರಿಮಾಡುತ್ತಿದ್ದರು. ಆಕೆ ಚರ್ಚಿನ ಗಾಯನ ಮಂಡಳಿಯ ಹಿರಿಯರು, ತಾಳ್ಮೆಗೆ ಹೆಸರಾದವರು. ಆದರೂ ತಾಳ್ಮೆಗೂ ಒಂದು ತಳ ಇರುತ್ತದಲ್ಲ. ಒಂದು ಭಾನುವಾರ ಆರಾಧನೆ ಮುಗಿದದ್ದೇ ತಡ, ನೇರವಾಗಿ ಪಾದ್ರಿಯವರ ಹತ್ತಿರ ಹೋದರು.

“ಇವರಿಗೊಂದು ಕೆಲಸ ಕೊಡಿ ಅಯ್ಯನವರೇ. ಇಲ್ಲದಿದ್ರೆ ನಾನು ಮನೇಲಿ ಬಾಯಿ ಬಿಡೋದನ್ನೇ ನಿಲ್ಲಿಸ್ಬೇಕಾಗುತ್ತೆ.”

ಚರ್ಚಿನ ಹಿಂಬದಿಯ ಸಭಾಂಗಣದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಸೇವೆಯ ಕೆಲಸ ನಡೆಯುತ್ತಿತ್ತು. ಯಾರು ಬೇಕಾದರೂ ಬರಬಹುದು, ಯಾವ ಚರ್ಚು, ಯಾವ ದೇವರು ಎಂದು ಯಾರೂ ಕೇಳುತ್ತಿರಲಿಲ್ಲ. ಬಾಗಿಲ ಹತ್ತಿರದ ಮೇಜಿನಲ್ಲಿ ನಿವೃತ್ತ ನರ್ಸಮ್ಮ ರಕ್ತದೊತ್ತಡ ನೋಡುತ್ತಿದ್ದರು. ಎಡಗಡೆಯ ಉದ್ದನೆಯ ಮೇಜಿನ ಮೇಲೆ ಜನ ತಂದುಕೊಟ್ಟ ಬಟ್ಟೆಗಳಿರುತ್ತಿದ್ದವು. ಮೂಲೆಯಲ್ಲಿದ್ದದ್ದು ಪತ್ರದ ಮೇಜು. ಓದು ಬರಹ ಬಾರದವರಿಗೆ, ಬಂದರೂ ಕೈ ನಡುಗುವವರಿಗೆ, ಅರ್ಜಿಯ ಭಾಷೆ ಕಂಡು ಹೆದರುವವರಿಗೆ ಅಲ್ಲಿ ಬರೆದುಕೊಡುತ್ತಿದ್ದರು. ಬರೆಯುತ್ತಿದ್ದಾಕೆ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ಆ ಕುರ್ಚಿ ಖಾಲಿ ಇತ್ತು. ಪಾದ್ರಿಯವರು ಮೇಷ್ಟ್ರನ್ನು ಅಲ್ಲಿ ಕೂರಿಸಿ, “ಅವರು ಹೇಳಿದ್ದನ್ನ ಬರೆದ್ರೆ ಸಾಕು” ಎಂದರು. ಮೇಷ್ಟ್ರು ಆ ಮಾತನ್ನು ಭಾನುವಾರದ ಪ್ರಸಂಗ ಕೇಳಿದಷ್ಟೇ ಗಮನದಿಂದ ಕೇಳಿದರು. ಅಂದರೆ, ವ್ಯಾಕರಣ ಸರಿಯಿದೆಯೇ ಎಂದಷ್ಟೇ ನೋಡಿದರು.

ಒಂದು ತಿಂಗಳಲ್ಲಿ ಪತ್ರದ ಮೇಜಿನ ಮುಂದೆ ಸಾಲು ಬೆಳೆಯಿತು. ಮೇಷ್ಟ್ರು ಬರೆದ ದೂರಿಗೆ ನೀರಿನ ಇಲಾಖೆಯವರು ಮೂರೇ ದಿನದಲ್ಲಿ ಓಡಿಬಂದು ಕೊಳವೆ ಸರಿಮಾಡಿದರು. “ಆ ಭಾಷೆಗೆ ಹೆದರಿ ಬಂದಿರ್ತಾರೆ” ಎಂದು ಪಾದ್ರಿಯವರು ನಕ್ಕರು. ಮೇಷ್ಟ್ರ ಕೆಲಸದ ಕ್ರಮವೇ ಬೇರೆ. ಎದುರಿಗೆ ಕೂತವರು ಹೇಳಿದ್ದನ್ನು ಒರಟು ಹಾಳೆಯಲ್ಲಿ ಅವಸರವಾಗಿ ಇಳಿಸಿಕೊಳ್ಳುವುದು, ಮನೆಗೆ ಒಯ್ದು ಊಟದ ಮೇಜಿನ ಮೇಲೆ ಹರಡಿ ಕೆಂಪು ಪೆನ್ನಿನಲ್ಲಿ ತಿದ್ದುವುದು, ಬಿಳಿ ಹಾಳೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಶುದ್ಧಪ್ರತಿ ಮಾಡುವುದು, ತಾವೇ ಅಂಚೆಗೆ ಹಾಕುವುದು. ಕರಡನ್ನು ಮಾತ್ರ ಎಸೆಯುತ್ತಿರಲಿಲ್ಲ. ಕೆಲಸ ಪೂರ್ತಿ ಮುಗಿಯುವವರೆಗೆ ಕರಡು ಕಾಪಾಡಬೇಕು ಎನ್ನುವುದು ಮುದ್ರಣಾಲಯ ಕಲಿಸಿದ ಅಭ್ಯಾಸ.

ಇಸ್ತ್ರಿಯಮ್ಮ ಬಂದದ್ದು ಆರನೆಯ ಶನಿವಾರ. ದೊಡ್ಡ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಇಪ್ಪತ್ತಾರು ವರ್ಷ ಇಸ್ತ್ರಿ ಹಾಕಿದವರು, ಗಂಡ ಮಕ್ಕಳು ಇಲ್ಲದ ಒಂಟಿ ಜೀವ. ಎರಡೂ ಕಣ್ಣಿಗೆ ಪೊರೆ ಬಂದು, ಒಂದು ಸಲ ಬಟ್ಟೆಯ ಬದಲು ತಮ್ಮ ಕೈಯ ಮೇಲೇ ಇಸ್ತ್ರಿ ಇಟ್ಟುಕೊಂಡ ಮೇಲೆ ಕೆಲಸ ಬಿಡಿಸಿದ್ದರು. ನರ್ಸಮ್ಮ ಓಡಾಡಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದ್ದರು. ಆ ದಿನ ತಪ್ಪಿದರೆ ಮತ್ತೆ ನಾಲ್ಕು ತಿಂಗಳು ಕಾಯಬೇಕು. ಆಮೇಲೆ ಹತ್ತು ದಿನ ಜೊತೆಗೊಬ್ಬರು ಇರಬೇಕು, ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕು.

“ನಾವೆಲ್ಲ ಸರದಿ ಮೇಲೆ ಬರ್ತೀವಿ ಅಂದ್ರೆ ಇವರು ಕೇಳ್ತಿಲ್ಲ” ಎಂದು ನರ್ಸಮ್ಮ ದೂರಿದರು.

“ನಿಮ್ಮ ಉಪಕಾರ ದೊಡ್ಡದು ಕಣಮ್ಮ” ಎಂದರು ಇಸ್ತ್ರಿಯಮ್ಮ. “ಆದ್ರೆ ಪಟ್ಟಿ ಬಿಚ್ಚಿದಾಗ ನಾನು ಮೊದಲು ನೋಡೋದು ನನ್ನ ಅಕ್ಕನ ಮುಖ ಆಗಿರ್ಬೇಕು. ಅವಳು ಬರಲ್ಲ ಅಂದ್ರೆ ಈ ಕಣ್ಣು ಹೀಗೇ ಇದ್ಕೊಳ್ಲಿ. ನೋಡೋಕೆ ಬೇರೆ ಏನಿದೆ.”

ಅಕ್ಕ ತಂಗಿ ಮಾತು ಬಿಟ್ಟು ಹನ್ನೊಂದು ವರ್ಷ. ಫೋನ್ ನಂಬರೂ ಗೊತ್ತಿಲ್ಲ. ನೆನಪಿದ್ದದ್ದು ಮನೆಯ ವಿಳಾಸ ಒಂದೇ. ಇಸ್ತ್ರಿಯಮ್ಮ ಪತ್ರದ ಮೇಜಿನ ಮುಂದೆ ಕೂತು, ಸೆರಗಿನ ತುದಿಯನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಸುಕ್ಕು ಬಿಡಿಸುತ್ತಾ ಹೇಳತೊಡಗಿದರು. ಮುಂದಿನ ನಾಲ್ಕು ಹಲ್ಲು ಇರಲಿಲ್ಲ.

“ಅತ್ತಾ, ನಾನು ಕಣೇ. ನನ್ನ ಕಣ್ಣು ಮಂಜಾಗಿದೆ. ಅದಕ್ಕೆ ಬೇರೆಯವರ ಕೈಲಿ ಬರೆಸ್ತಿದ್ದೀನಿ. ಅತ್ತಾ, ನಿನಗೆ ಒಂದು ಸುಳ್ಳು ಹೇಳಿದ್ದೆ…”

ಒಮ್ಮೆ ಶುರುವಾದ ಮಾತು ನಿಲ್ಲಲೇ ಇಲ್ಲ. ಮೇಷ್ಟ್ರು ತಲೆ ಎತ್ತದೆ ಗೀಚಿಕೊಳ್ಳುತ್ತಾ ಹೋದರು. ಸಾಲಿನಲ್ಲಿ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು. ಎರಡೂವರೆ ಹಾಳೆ ತುಂಬಿದ ಮೇಲೆ ಇಸ್ತ್ರಿಯಮ್ಮ, “ಇಷ್ಟೇ. ಓದಿ ಹೇಳ್ತೀರಾ?” ಎಂದರು.

“ನೀವು ನಿಶ್ಚಿಂತೆಯಿಂದ ಇರಿ. ಚೆನ್ನಾಗಿ ತಿದ್ದಿ ಕಳಿಸ್ತೀನಿ” ಎಂದರು ಮೇಷ್ಟ್ರು.

ಅವರು ಮಾತು ಉಳಿಸಿಕೊಂಡರು, ಅದೇ ಎಡವಟ್ಟಾದದ್ದು. ಆ ಮಧ್ಯಾಹ್ನ ಊಟದ ಮೇಜಿನ ಮೇಲೆ ಕರಡು ಹರಡಿದಾಗ ಅವರಿಗೆ ಕಂಡದ್ದು ತಪ್ಪುಗಳ ಜಾತ್ರೆ. ‘ಅತ್ತ’ ಎಂದರೆ ಆ ಕಡೆ. ಇಲ್ಲವೇ ಅಳುವುದಕ್ಕೆ ಸಂಬಂಧಪಟ್ಟದ್ದು. ಒಡಹುಟ್ಟಿದವಳು ಎಂಬ ಅರ್ಥ ಯಾವ ನಿಘಂಟಿನಲ್ಲೂ ಇಲ್ಲ. ಪಾಪ, ಹಲ್ಲಿಲ್ಲದ ಬಾಯಿ, ಅಕ್ಕ ಅನ್ನಲು ಹೋಗಿ ಹಾಗಾಗಿದೆ ಎಂದುಕೊಂಡು ಹದಿನಾಲ್ಕು ಕಡೆ ತಿದ್ದಿದರು. ‘ತಪ್ಪಾಯ್ತು’ ಎಂದು ಮೂರು ಸಲ ಬಂದಿತ್ತು. ಪುನರುಕ್ತಿ, ಹೊಡೆದು ಹಾಕಿದರು. ಬಸ್ ನಿಲ್ದಾಣದ ಒಂದು ಉದ್ದನೆಯ ಪ್ರಸಂಗ ಇತ್ತು. ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದಲ್ಲ ಎಂದು ಪೂರ್ತಿ ಪುಟಕ್ಕೆ ಅಡ್ಡಗೆರೆ ಎಳೆದರು. ಕೊನೆಗೆ ಶುದ್ಧಪ್ರತಿ ಒಂದೇ ಪುಟದಲ್ಲಿ ಮುಗಿಯಿತು. ‘ಪ್ರೀತಿಯ ಅಕ್ಕನವರಿಗೆ, ಅನಿವಾರ್ಯ ಕಾರಣಗಳಿಂದ ಅಂದು ಬರಲಾಗಲಿಲ್ಲ. ಅದಕ್ಕಾಗಿ ವಿಷಾದಿಸುತ್ತೇನೆ…’ ತಾವೇ ಎರಡು ಸಲ ಓದಿ ಮೆಚ್ಚಿಕೊಂಡು, ಲಕೋಟೆಯ ಹಿಂದೆ ಚರ್ಚಿನ ವಿಳಾಸ ಬರೆದು ಅಂಚೆಗೆ ಹಾಕಿದರು.

ಉತ್ತರ ಬಂದದ್ದು ಹನ್ನೆರಡು ದಿನಕ್ಕೆ, ಗುರುವಾರ. ಹಾಡಿನ ಅಭ್ಯಾಸಕ್ಕೆ ಹೋಗಿದ್ದ ಹೆಂಡತಿ ಲಕೋಟೆ ತಂದುಕೊಟ್ಟರು. ಮೇಲೆ ‘ಚರ್ಚಿನಲ್ಲಿ ಕಾಗದ ಬರೆಯುವವರಿಗೆ’ ಎಂದಿತ್ತು. ಮೇಷ್ಟ್ರು ಅಡುಗೆಮನೆಯಲ್ಲೇ ನಿಂತು ಒಡೆದು ಓದಿದರು.

‘ನೀವು ಯಾರೋ ಗೊತ್ತಿಲ್ಲ. ಇದು ನನ್ನ ತಂಗಿಯ ಕಾಗದ ಅಲ್ಲ. ಅವಳಿಗೆ ಮಾತು ಬಂದಾಗಿಂದ ನನ್ನನ್ನ ಒಂದು ಸಲಾನೂ ಅಕ್ಕ ಅಂತ ಕರೆದಿಲ್ಲ. ಅತ್ತ ಅಂತಾಳೆ. ಚಿಕ್ಕವಳಿದ್ದಾಗ ನಾಲಿಗೆ ತಿರುಗ್ತಿರಲಿಲ್ಲ. ಆಮೇಲೆ ತಿರುಗಿದ್ರೂ ಬಿಡಲಿಲ್ಲ. ವಿಷಾದ ಅಂದ್ರೆ ಏನು ಅಂತ ನಾನು ಪಕ್ಕದ ಮನೆಯವರನ್ನ ಕೇಳಿ ತಿಳ್ಕೊಂಡೆ. ಅವಳ ಹೆಸರಲ್ಲಿ ಬೇರೆ ಯಾರೋ ಬರೀತಾರೆ ಅಂದ್ರೆ ಅವಳು ಇಲ್ಲ ಅಂತ ಅರ್ಥನಾ. ಇದ್ದಾಳೋ ಇಲ್ವೋ ಅಷ್ಟು ತಿಳಿಸಿ. ಬೇರೇನೂ ಬೇಡ.’

ಆ ಕಾಗದದಲ್ಲಿ ಸಾಲಿಗೆರಡು ಕಾಗುಣಿತದ ತಪ್ಪುಗಳಿದ್ದವು. ಮೂರನೆಯ ಸಲ ಓದುವವರೆಗೆ ಮೇಷ್ಟ್ರಿಗೆ ಒಂದೂ ಕಾಣಲಿಲ್ಲ. ಬೀರುವಿನಿಂದ ಕರಡು ತೆಗೆದು, ತಾವೇ ಎಳೆದ ಕೆಂಪು ಗೆರೆಗಳ ಅಡಿಯಲ್ಲಿದ್ದ ಮಾತುಗಳನ್ನು ಮೊದಲ ಬಾರಿಗೆ, ತಿದ್ದುವುದಕ್ಕಲ್ಲದೆ, ಓದುವುದಕ್ಕೆಂದು ಓದಿದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಉತ್ತರ ಬಂದಿಲ್ಲ ಅಂತ ಹೇಳಿಬಿಡಲಾ?” ಎಂದು ಹೆಂಡತಿಯನ್ನು ಕೇಳಿದರು.

“ರಿಟೈರಾದಾಗಿಂದ ನನ್ನ ಮಾತು ತಿದ್ತಾ ಇದ್ದೀರಿ. ನಾನು ಪಕ್ಕದಲ್ಲೇ ಇದ್ದೆ, ಆಗಾಗ ತಿರುಗಿಸಿ ಬೈದೆ, ಸರಿಹೋಯ್ತು. ಆಯಮ್ಮ ಅಷ್ಟು ದೂರದಲ್ಲಿ ಕೂತು ತಂಗಿ ಇದ್ದಾಳೋ ಸತ್ತಿದ್ದಾಳೋ ಅಂತ ಒದ್ದಾಡ್ತಿದ್ದಾರೆ. ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ. ಬೈಸ್ಕೊಳ್ಳಿ.”

ಶನಿವಾರ ಮೇಷ್ಟ್ರು ಇಸ್ತ್ರಿಯಮ್ಮನ ಎದುರು ಕೂತು, ಮೊದಲು ತಮ್ಮ ತಪ್ಪು ಹೇಳಿ, ಆಮೇಲೆ ಅಕ್ಕನ ಕಾಗದವನ್ನು ಒಂದಕ್ಷರ ಬಿಡದೆ ಓದಿದರು. ಇಸ್ತ್ರಿಯಮ್ಮ ಮೊದಲು ನಕ್ಕರು. “ಬೈಯೋ ಧಾಟಿ ನೋಡಿ. ಹಾಗೇ ಇದ್ದಾಳೆ” ಎಂದರು. ಆಮೇಲೆ ನಗು ನಿಂತಿತು.

“ಬಸ್ ಸ್ಟ್ಯಾಂಡಿನ ವಿಷಯಕ್ಕೆ ಏನೂ ಬರೆದಿಲ್ವಾ ಅವಳು?”

“ಅದನ್ನ ನಾನು ಕಳಿಸ್ಲೇ ಇಲ್ಲಮ್ಮ.”

ಇಸ್ತ್ರಿಯಮ್ಮ ಸೆರಗಿನ ತುದಿಯನ್ನು ತೊಡೆಯ ಮೇಲಿಟ್ಟು ಮತ್ತೆ ಸುಕ್ಕು ಬಿಡಿಸತೊಡಗಿದರು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿ ಅನಿಸುತ್ತಿತ್ತು.

“ಇನ್ನೊಂದು ಸಲ ಹೇಳಿ, ನೀವು ಹೇಳಿದ ಹಾಗೇ ಬರೀತೀನಿ. ಇವತ್ತೇ, ಇಲ್ಲೇ.”

“ಆಗಲ್ಲ ಮೇಷ್ಟ್ರೇ. ಹನ್ನೊಂದು ವರ್ಷ ಗಂಟಲಲ್ಲಿ ಇಟ್ಕೊಂಡಿದ್ದೆ. ಅವತ್ತು ಹೇಗೋ ಆಚೆ ಬಂತು. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ.”

ಮೇಷ್ಟ್ರು ಚೀಲದಿಂದ ಕರಡು ತೆಗೆದರು. ಅದನ್ನೇ ನೋಡಿಕೊಂಡು ಹೊಸ ಹಾಳೆಗೆ ಇಳಿಸೋಣ ಎಂದು ಕೂತರು. ಮೊದಲನೆಯ ಸಾಲಿನಲ್ಲೇ ಕೈ ತಾನಾಗಿ ‘ಅಕ್ಕ’ ಎಂದು ಬರೆಯಿತು. ಹಾಳೆ ಹರಿದು ಇನ್ನೊಂದು ತೆಗೆದರು. ಈ ಸಲ ‘ಅತ್ತ’ ಸರಿಯಾಗಿ ಬಂತು, ಆದರೆ ಮೂರು ‘ತಪ್ಪಾಯ್ತು’ಗಳು ಒಂದಾಗಿದ್ದವು. ಮೂವತ್ತನಾಲ್ಕು ವರ್ಷ ಪಳಗಿದ ಕೈ ಯಜಮಾನನ ಮಾತು ಕೇಳುತ್ತಿರಲಿಲ್ಲ. ನಾಲ್ಕನೆಯ ಹಾಳೆಯನ್ನೂ ಹರಿದ ಮೇಲೆ ಅವರು ಪೆನ್ನು ಕೆಳಗಿಟ್ಟರು.

“ಈ ಕರಡನ್ನೇ ಕಳಿಸ್ತೀನಿ” ಎಂದರು.

ತಿದ್ದಿದ ಕರಡನ್ನು ಹೊರಗೆ ಬಿಡುವುದು ಎಂದರೆ ಕರಡಿ ಮೇಷ್ಟ್ರಿಗೆ ಬನಿಯನ್ನಿನಲ್ಲಿ ಬಲಿಪೀಠದ ಮುಂದೆ ನಿಂತ ಹಾಗೆ. ಆದರೂ ಕೂತು ಒಂದೊಂದೇ ಕೆಂಪು ಗೆರೆಯನ್ನು ಹಿಂತೆಗೆದುಕೊಂಡರು. ತಪ್ಪಾಗಿ ಹೊಡೆದು ಹಾಕಿದ್ದನ್ನು ಉಳಿಸುವುದಕ್ಕೆ ಅವರ ಕಸುಬಿನಲ್ಲಿ ಒಂದು ದಾರಿ ಉಂಟು. ಹೊಡೆದ ಮಾತಿನ ಕೆಳಗೆ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯುವುದು. ಅತ್ತ, ಇರಲಿ. ತಪ್ಪಾಯ್ತು, ಇರಲಿ. ತಪ್ಪಾಯ್ತು, ಇರಲಿ. ಮುದ್ರಣಾಲಯದಲ್ಲಿ ಇಡೀ ವರ್ಷಕ್ಕೆ ನಾಲ್ಕೈದು ಸಲ ಬರೆಯುತ್ತಿದ್ದ ಮಾತನ್ನು ಅಂದು ಒಂದೇ ಪಟ್ಟಿನಲ್ಲಿ ಕೂತು ಮೂವತ್ತೊಂದು ಸಲ ಬರೆದರು.

ಬಸ್ ನಿಲ್ದಾಣದ ಪುಟಕ್ಕೆ ಬಂದಾಗ, ತಗ್ಗಿದ ದನಿಯಲ್ಲಿ ಇಸ್ತ್ರಿಯಮ್ಮನಿಗೆ ಓದಿ ಹೇಳಿದರು.

‘ಅಮ್ಮನಿಗೆ ಜಾಸ್ತಿ ಆಗಿದೆ ಅಂತ ನೀನು ಮೂರು ಸಲ ಹೇಳಿ ಕಳಿಸಿದೆ. ರಜ ಸಿಗಲಿಲ್ಲ, ಅದಕ್ಕೆ ಬರ್ಲಿಲ್ಲ ಅಂತ ನಾನು ಆಮೇಲೆ ಹೇಳಿದ್ದು ಸುಳ್ಳು ಅತ್ತಾ. ರಜ ಸಿಕ್ಕಿತ್ತು. ನಾನು ಬಂದಿದ್ದೆ. ನಿಮ್ಮೂರ ಬಸ್ ಸ್ಟ್ಯಾಂಡಲ್ಲಿ ಇಳಿದೆ. ಕಾಲು ಏಳಲಿಲ್ಲ. ಅಮ್ಮ ಸಾಯೋದನ್ನ ನೋಡಕ್ಕೆ ಧೈರ್ಯ ಬರಲಿಲ್ಲ. ನಲ್ಲಿ ಪಕ್ಕದ ಕಲ್ಲು ಬೆಂಚಲ್ಲಿ ಬೆಳಗ್ಗಿಂದ ಸಾಯಂಕಾಲದ ತನಕ ಕೂತಿದ್ದೆ. ಈಗ ಎದ್ದೇಳ್ತೀನಿ, ಈಗ ಎದ್ದೇಳ್ತೀನಿ ಅಂತ ಕೂತೇ ಇದ್ದೆ. ಆಮೇಲೆ ಕೊನೆ ಬಸ್ಸಿಗೆ ವಾಪಸ್ ಬಂದುಬಿಟ್ಟೆ. ಮಾರನೇ ದಿನ ಅಮ್ಮ ಹೋದಳು. ಮಣ್ಣಿಗೆ ಬಂದಾಗ ನೀನು ಎಲ್ಲರೆದುರಿಗೆ, ಇನ್ನು ರಜ ಸಿಕ್ಕಿದ್ರೂ ಬರಬೇಡ ಅಂದೆ. ಅಂದಿದ್ದು ಸರಿ. ತಪ್ಪಾಯ್ತು. ತಪ್ಪಾಯ್ತು. ತಪ್ಪಾಯ್ತು.’

“ಹಾಗೇ ಹೇಳಿದ್ದಾ ನಾನು?” ಎಂದರು ಇಸ್ತ್ರಿಯಮ್ಮ.

“ಹಾಗೇ.”

“ಹಾಗಾದ್ರೆ ಕಳಿಸಿ.”

ಮೇಷ್ಟ್ರು ಕೊನೆಯ ಹಾಳೆಯ ಅಡಿಯಲ್ಲಿ ಬರೆದರು: ‘ಅಮ್ಮಾ, ಕೆಂಪು ಗೆರೆ ನನ್ನದು. ಮಾತು ನಿಮ್ಮ ತಂಗಿಯದು. ಅವರು ಇದ್ದಾರೆ.’ ಅದರ ಕೆಳಗೆ ಶಸ್ತ್ರಚಿಕಿತ್ಸೆಯ ದಿನ, ಚರ್ಚಿನ ಫೋನ್ ನಂಬರು. ಅಂದೇ ಅಂಚೆಪೆಟ್ಟಿಗೆಗೆ ಹಾಕಿದರು. ಶಸ್ತ್ರಚಿಕಿತ್ಸೆಗೆ ಹತ್ತೇ ದಿನ ಉಳಿದಿತ್ತು.

ಆ ವಾರ ಮೇಷ್ಟ್ರು ದಿನಾ ಚರ್ಚಿಗೆ ಹೋದರು. ಸೂಚನಾಫಲಕ ಓದುವ ನೆಪದಲ್ಲಿ ಕಚೇರಿಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಫೋನು ಸದ್ದು ಮಾಡಿದಾಗಲೆಲ್ಲ ಪಾದ್ರಿಯವರಿಗಿಂತ ಮೊದಲು ಅವರ ಕುತ್ತಿಗೆ ತಿರುಗುತ್ತಿತ್ತು. ಒಮ್ಮೆ ವಿದ್ಯುತ್ ಇಲಾಖೆಯವರು, ಒಮ್ಮೆ ಮದುವೆಗೆ ದಿನ ಕೇಳುವವರು. ಫಲಕದಲ್ಲಿ ‘ಪ್ರಾರ್ತನೆ’ ಎಂದು ಬರೆದದ್ದು ಐದು ದಿನವೂ ಹಾಗೇ ಇತ್ತು. ಕರಡಿ ಮೇಷ್ಟ್ರಿಗೆ ಹುಷಾರಿಲ್ಲವೇನೋ ಎಂದು ಗಾಯನ ಮಂಡಳಿಯವರು ಆತಂಕಪಟ್ಟರು. ಶುಕ್ರವಾರ ಅವರು ಖಾಲಿ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು, ಬಹಳ ವರ್ಷಗಳ ನಂತರ ಸ್ವಂತ ಮಾತಿನಲ್ಲಿ ಪ್ರಾರ್ಥನೆ ಮಾಡಿದರು. ಅದರಲ್ಲಿ ವಾಕ್ಯಗಳು ಒಂದೂ ಪೂರ್ತಿಯಾಗಲಿಲ್ಲ. ಅವರು ತಿದ್ದಲೂ ಹೋಗಲಿಲ್ಲ.

ಶನಿವಾರ ಬಂತು. ಮಂಗಳವಾರ ಶಸ್ತ್ರಚಿಕಿತ್ಸೆ. ಇಸ್ತ್ರಿಯಮ್ಮ ಎಂದಿಗಿಂತ ಮೊದಲೇ ಬಂದು, “ಸುಮ್ನೆ ಕೂತ್ರೆ ತಲೆ ಕೆಡುತ್ತೆ, ಏನಾದ್ರೂ ಕೊಡಿ” ಎಂದು ಬಟ್ಟೆಯ ಮೇಜಿನ ಹಿಂದೆ ಕೂತರು. ಕಣ್ಣು ಕಾಣದಿದ್ದರೇನು, ಕೈಗೆ ಗೊತ್ತಿತ್ತು. ಅಂಗಿಯ ತೋಳು ಹಿಂದಕ್ಕೆ ಮಡಚಿ, ಅಂಗೈಯಿಂದ ಒತ್ತಿ, ಅಂಚಿಗೆ ಅಂಚು ಕೂಡಿಸಿ ಒಂದರ ಮೇಲೊಂದು ಇಡುತ್ತಿದ್ದರು. ಅಂಗಡಿಯಲ್ಲೂ ಅಷ್ಟು ಅಚ್ಚುಕಟ್ಟಾಗಿ ಇಟ್ಟಿರುವುದಿಲ್ಲ. ನರ್ಸಮ್ಮ ಹತ್ತಿರ ಬಂದು ಪಿಸುದನಿಯಲ್ಲಿ, “ಮಂಗಳವಾರಕ್ಕೆ ನಾನೇ ಬರ್ಲಾ?” ಎಂದು ಕೇಳಿದರು. ಇಸ್ತ್ರಿಯಮ್ಮ ತಲೆ ಅಲ್ಲಾಡಿಸಿದರು. ಅದು ಬೇಡ ಎಂದೇ ಆಗಿತ್ತು.

ಹನ್ನೊಂದು ದಾಟಿದ ಮೇಲೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತರು. ಎಪ್ಪತ್ತರ ಆಸುಪಾಸು, ಎತ್ತರದ ಆಳು, ಹೆಗಲಿಗೆ ಬಟ್ಟೆಯ ಚೀಲ, ದೂರದಿಂದ ಬಂದ ಧೂಳು. ಕೈಯಲ್ಲಿ ಮಡಚಿದ ಹಾಳೆಗಳಿದ್ದವು. ನರ್ಸಮ್ಮನನ್ನು ಏನೋ ಕೇಳಿ, ಸಾಲು ಗೀಲು ನೋಡದೆ ನೇರವಾಗಿ ಪತ್ರದ ಮೇಜಿಗೆ ಬಂದರು.

“ಕಾಗದ ಬರೆಯೋರು ನೀವೇನಾ?”

“ಹೌದಮ್ಮ.” ಮೇಷ್ಟ್ರು ಎದ್ದು ನಿಂತರು. ಹಾಳೆಯ ಅಂಚಿನ ಕೆಂಪು ಅವರಿಗೆ ಕಂಡಿತ್ತು.

“ಎರಡೂ ನೀವೇ ಬರೆದಿದ್ದಾ?”

“ಎರಡೂ ನಾನೇ.”

“ಮೊದಲನೇದನ್ನ ಒಲೆಗೆ ಹಾಕಿದೆ” ಎಂದರು ಆಕೆ. “ಎಲ್ಲಿದ್ದಾಳೆ?”

ಮೇಷ್ಟ್ರು ಕೈ ತೋರಿಸಿದರು.

ಆಕೆ ಹೋಗಿ ಬಟ್ಟೆಯ ಮೇಜಿನ ಮುಂದೆ ನಿಂತರು. ಎದುರಿಗೆ ಯಾರೋ ನಿಂತ ನೆರಳು ಕಂಡು ಇಸ್ತ್ರಿಯಮ್ಮ, “ಯಾವ ಅಳತೆದು ಬೇಕಿತ್ತಮ್ಮ? ಮಕ್ಕಳಿಗಾ, ದೊಡ್ಡವರಿಗಾ?” ಎಂದು ಕೇಳಿದರು. “ನಾಚ್ಕೋಬೇಡಿ, ಎಲ್ಲ ಒಗೆದಿರೋದೇ” ಎಂದರು. ರಕ್ತದೊತ್ತಡ ನೋಡುತ್ತಿದ್ದ ನರ್ಸಮ್ಮ ಗಾಳಿ ಒತ್ತುವುದನ್ನು ಮರೆತಿದ್ದರು.

“ಬಸ್ ಸ್ಟ್ಯಾಂಡಲ್ಲಿ ಬೆಳಗ್ಗಿಂದ ಸಾಯಂಕಾಲದ ತನಕ ಕೂತಿದ್ದೆ ಅಂತ ಬರೆಸಿದ್ದೀಯಲ್ಲ” ಎಂದರು ಆಕೆ. “ಅವತ್ತು ಏನಾದ್ರೂ ತಿಂದಿದ್ಯಾ?”

ಇಸ್ತ್ರಿಯಮ್ಮನ ಕೈ ಮಡಚುತ್ತಿದ್ದ ಅಂಗಿಯ ಮೇಲೆ ಹಾಗೇ ನಿಂತಿತು.

“ಇಲ್ಲ ಅತ್ತಾ.”

ಆಕೆ ಮೇಜು ಸುತ್ತಿಕೊಂಡು ಬಂದು, ಚೀಲವನ್ನು ನೆಲಕ್ಕಿಟ್ಟು, ತಂಗಿಯ ಪಕ್ಕ ಬೆಂಚಿನ ಮೇಲೆ ಕೂತರು. ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿನ ಕಡೆ ತಿರುಗಿಸಿ, ಪೊರೆ ಬಂದ ಆ ಕಣ್ಣುಗಳನ್ನು ಒಂದಾದ ಮೇಲೊಂದು ನೋಡಿದರು.

“ಮನೆ ಅಲ್ಲೇ ಇತ್ತಲ್ಲೇ” ಎಂದರು. “ನಿನಗೂ ಸೇರಿಸಿ ಅಡುಗೆ ಮಾಡಿದ್ದೆ.”

ಅಷ್ಟು ಹೇಳಿ ಅಕ್ಕ ಅತ್ತುಬಿಟ್ಟರು. ಇಸ್ತ್ರಿಯಮ್ಮ ಕೈಯಲ್ಲಿದ್ದ ಅಂಗಿಯಿಂದಲೇ ಅಕ್ಕನ ಕಣ್ಣು ಒರೆಸಿದರು.